ದಾಳವೂ ಸಹೃದಯನೂ



ಉಪನ್ಯಾಸದ ವಿಷಯವನ್ನು ಉಪನ್ಯಾಸಕನ ಅಭಿರುಚಿಗೇ ಬಿಟ್ಟುಕೊಟ್ಟಿರುವ ಈ ದತ್ತಿಯ ಸ್ಥಾಪಕರ ಔದಾರ್ಯವನ್ನು ನೆನೆದು, ನಮ್ಮ ಕಾವ್ಯಮೀಮಾಂಸಕರ ದೃಷ್ಟಿ ಇನ್ನೂ ಹೆಚ್ಚಾಗಿ ಹರಿಯದಿರುವ, ಆದರೆ ಆ ಮೀಮಾಂಸೆಯ ಮೂಲಭೂತವಾದ ಪ್ರಶ್ನೆಗಳನ್ನೇ ಹೊಸ ಆಕಾರದಲ್ಲಿ ನಮ್ಮ ಮುಂದಿರಿಸುವ ಒಂದು ವಿನೋದವನ್ನು ಈ ಸಂಜೆಯ ವಿಚಾರಕ್ಕೆ ಎತ್ತಿಕೊಂಡಿದ್ದೇನೆ. ಅಮೆರಿಕದಲ್ಲಿ ಹುಟ್ಟಿ ಅನೇಕ ದೇಶಗಳಿಗೆ ಹಬ್ಬಿರುವ, ಮೇಜಿನ ಸುತ್ತ ಕುಳಿತು ಮಾತಿನಿಂದಲೇ ಆಡುವ ಪಾತ್ರಾಭಿನಯದ ಆಟವೊಂದುಂಟು; ಆ ಆಟವನ್ನು ತಾವು ಆಡದೆ, ಪರರು ಆಡುವುದನ್ನು ವಾರವಾರವೂ ನಾಲ್ಕು ಗಂಟೆಗಳ ಕಾಲ ಪರದೆಯ ಮುಂದೆ ಕುಳಿತು ನೋಡುವ ಲಕ್ಷಾಂತರ ಜನರೂ ಉಂಟು. ಅವರಿಗೆ ಅದರಿಂದ ದೊರೆಯುವ ಸುಖ ಯಾವುದು, ಅದು ಎಲ್ಲಿಂದ ಬರುತ್ತದೆ ಎಂಬುದೇ ನನ್ನ ಪ್ರಶ್ನೆ.

ಆಟದ ಕ್ರಮವನ್ನು ಅರಿಯದವರಿಗಾಗಿ ಎರಡು ಮಾತು. ಮೇಜಿನ ಒಂದು ಪಕ್ಕದಲ್ಲಿ ಡಂಜನ್ ಮಾಸ್ಟರ್ ಎಂದು ಕರೆಯಲ್ಪಡುವ ಸೂತ್ರಧಾರನೊಬ್ಬ ಕುಳಿತಿರುತ್ತಾನೆ; ಉಳಿದ ನಾಲ್ಕಾರು ಮಂದಿ ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಂಡಿರುತ್ತಾರೆ. ಸೂತ್ರಧಾರನು ಒಂದು ಕಲ್ಪಿತ ಲೋಕವನ್ನು ಬಣ್ಣಿಸಿ, ಪಾತ್ರಗಳನ್ನು ಒಂದು ಸಂದರ್ಭದಲ್ಲಿ ನಿಲ್ಲಿಸಿ, ‘ಈಗ ಏನು ಮಾಡುವಿರಿ?’ ಎಂದು ಕೇಳುತ್ತಾನೆ. ಆಟಗಾರರು ತಮ್ಮ ಪಾತ್ರದ ಪರವಾಗಿ ಉತ್ತರ ಕೊಡುತ್ತಾರೆ. ಮಾಡಹೊರಟ ಕಾರ್ಯ ಸಿದ್ಧಿಸುವುದೋ ಇಲ್ಲವೋ ಎಂಬ ಸಂದೇಹವಿದ್ದಲ್ಲಿ ಇಪ್ಪತ್ತು ಮುಖಗಳ ದಾಳವನ್ನು ಉರುಳಿಸಿ, ಬಿದ್ದ ಸಂಖ್ಯೆಗೆ ಪಾತ್ರದ ಸಾಮರ್ಥ್ಯವನ್ನು ಸೂಚಿಸುವ ಅಂಕವನ್ನು ಕೂಡಿಸಿ, ಫಲವನ್ನು ನಿರ್ಣಯಿಸುತ್ತಾರೆ. ಇಷ್ಟೇ ಆಟ. ಮೇಜಿನ ಮೇಲೆ ಪುಟ್ಟ ಬೊಂಬೆಗಳೂ ನಕ್ಷೆಯೂ ಇರಬಹುದು. ಇಲ್ಲದಿದ್ದರೂ ಆಟಕ್ಕೆ ಕೊರತೆಯಿಲ್ಲ.

ಇದರ ವಂಶಾವಳಿಯಲ್ಲಿ ನಮ್ಮ ಪ್ರಶ್ನೆಗೆ ಸಂಬಂಧಿಸಿದ ಸಂಗತಿ ಒಂದಿದೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಪ್ರಷ್ಯದ ಸೇನಾಧಿಕಾರಿಗಳ ಶಿಕ್ಷಣಕ್ಕಾಗಿ ರೂಪುಗೊಂಡ ಯುದ್ಧಕ್ರೀಡೆ, 1824ರಲ್ಲಿ ರೈಸ್ವಿಟ್ಸ್ ಎಂಬುವರು ಪ್ರಕಟಿಸಿದ ನಿಯಮಗ್ರಂಥದಿಂದ ವ್ಯವಸ್ಥೆ ಪಡೆದು, ಎರಡು ಪಕ್ಷಗಳ ನಡುವೆ ತೀರ್ಪುಗಾರನೊಬ್ಬನನ್ನು ಕೂರಿಸಿತು. ಆ ಪರಂಪರೆಯ ಹವ್ಯಾಸಿಗಳಲ್ಲಿ ಒಬ್ಬರಾದ ಡೇವಿಡ್ ವೆಸ್ಲಿ ಎಂಬುವರು 1969ರಲ್ಲಿ ಮಿನೆಸೋಟದ ಅವಳಿ ನಗರದಲ್ಲಿ ತಮ್ಮ ಗೆಳೆಯರಿಗೆ, ಸೇನಾಪತಿಗಳ ಪಾತ್ರದ ಜೊತೆಗೆ, ಯುದ್ಧಕ್ಕೆ ಸಿಲುಕಲಿರುವ ಊರಿನ ನಗರಾಧ್ಯಕ್ಷ, ಲೇವಾದೇವಿಗಾರ, ವಿದ್ಯಾಪೀಠದ ಮುಖ್ಯಸ್ಥ ಮೊದಲಾದ ಪಾತ್ರಗಳನ್ನೂ ಹಂಚಿದರು. ಆಟಗಾರರು ಯುದ್ಧವನ್ನು ಮರೆತು ತಮ್ಮ ತಮ್ಮೊಳಗೆ ಮಾತಿಗೆ ತೊಡಗಿ, ಒಳಸಂಚು ಹೂಡಿ, ನಿಯಮಗಳನ್ನು ದಾಟಿ ಎಲ್ಲೆಲ್ಲಿಗೋ ಹೋದರು. ಪ್ರಯೋಗ ಕೆಟ್ಟಿತೆಂದು ವೆಸ್ಲಿ ಭಾವಿಸಿದರು. ಗೆಳೆಯರಾದರೋ ಇನ್ನೊಮ್ಮೆ ಆಡಿಸೆಂದು ಬೆನ್ನುಹತ್ತಿದರು. ಅವರಲ್ಲೊಬ್ಬರಾದ ಡೇವ್ ಆರ್ನೆಸನ್ ಆ ಕ್ರಮವನ್ನು ಅದ್ಭುತಲೋಕದ ಕಥೆಗಳಿಗೆ ಅಳವಡಿಸಿದರು. ವಿಸ್ಕಾನ್ಸಿನ್ನಿನ ಲೇಕ್ ಜಿನೀವದ ಗ್ಯಾರಿ ಗೈಗ್ಯಾಕ್ಸ್ ಅದಕ್ಕೆ ಗ್ರಂಥರೂಪ ಕೊಟ್ಟರು. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಅದರ ಮೊದಲ ಸಾವಿರ ಪ್ರತಿಗಳು ಹೊರಬಿದ್ದವು. ವೆಸ್ಲಿಯವರ ಗೆಳೆಯರಿಗೆ ಹಿಡಿಸಿದ ಅಂಶ ಯಾವುದೆಂಬುದನ್ನು ಗಮನಿಸಬೇಕು. ಯಾರೂ ಬರೆದುಕೊಡದ ಮಾತನ್ನು, ತನ್ನದಲ್ಲದ ಒಂದು ಬಾಳಿನ ಪರವಾಗಿ, ಎದುರಿಗಿರುವವನಿಗೆ ಆ ಕ್ಷಣದಲ್ಲೇ ಹೇಳಬೇಕಾಗಿ ಬರುವ ಒತ್ತಡ, ಆ ಒತ್ತಡದ ಆನಂದ, ಅಂದೇ ಅಲ್ಲಿ ಕಾಣಿಸಿಕೊಂಡಿತು.

ಈ ಆಟ ನೋಟಕರನ್ನು ಬಯಸಿ ಹುಟ್ಟಿದುದಲ್ಲ. ಮೇಜಿನ ಬಳಿ ಕುಳಿತವರೆಲ್ಲರೂ ಆಡುವವರೇ. ಕಥೆಯನ್ನು ಕಟ್ಟುವವರೂ ಅವರೇ, ಕೇಳುವವರೂ ಅವರೇ. ಹೊರಗಿನವನಿಗೆ ಅಲ್ಲಿ ನೋಡತಕ್ಕದ್ದೇನೂ ಇಲ್ಲವೆಂದೇ ಬಹುಕಾಲ ತಿಳಿಯಲಾಗಿತ್ತು. ಆ ತಿಳಿವಳಿಕೆ ಮೊದಲು ಸಡಿಲಗೊಂಡದ್ದು ಜಪಾನಿನಲ್ಲಿ, ಅದೂ ಅಚ್ಚಿನ ಮೂಲಕ. 1986ರಿಂದ ‘ಕಂಪ್ಟಿಕ್’ ಎಂಬ ಪತ್ರಿಕೆ, ರ್ಯೋ ಮಿಜುನೊ ಅವರು ಸೂತ್ರಧಾರರಾಗಿ ನಡೆಸಿದ ಆಟದ ಸಂಭಾಷಣೆಯನ್ನು ನಾಟಕದ ಪುಟಗಳಂತೆ ಧಾರಾವಾಹಿಯಾಗಿ ಪ್ರಕಟಿಸಿತು. ‘ರೆಕಾರ್ಡ್ ಆಫ್ ಲೋಡೋಸ್ ವಾರ್’ ಎಂಬ ಅದರ ಕಥೆ ಮುಂದೆ ಕಾದಂಬರಿಗಳಾಗಿ, ಚಲಿಸುವ ಚಿತ್ರಮಾಲೆಯಾಗಿ ಖ್ಯಾತಿ ಪಡೆಯಿತು. ಕಾದಂಬರಿ ಕೈಗೆ ಸಿಕ್ಕುವ ಮುನ್ನವೇ ಓದುಗರು ಆಟಗಾರರ ಮಾತುಕತೆಯನ್ನು, ದಾಳದ ಸಂಖ್ಯೆಗಳ ಸಮೇತ, ಪ್ರೀತಿಯಿಂದ ಓದಿದರೆಂಬುದು ವಿಚಾರಾರ್ಹವಾದ ವಿಷಯ. ಆಮೇಲೆ ಅಮೆರಿಕದಲ್ಲಿ 2008ರಲ್ಲಿ ‘ಪೆನ್ನಿ ಆರ್ಕೇಡ್’ ಬಳಗದವರ ಧ್ವನಿಮುದ್ರಿತ ಆಟ, 2014ರಲ್ಲಿ ಮ್ಯಾಕೆಲ್ರಾಯ್ ಸೋದರರು ತಮ್ಮ ತಂದೆಯೊಡನೆ ಆಡಿದ ‘ದಿ ಅಡ್ವೆಂಚರ್ ಜೋನ್’, 2018ರಲ್ಲಿ ಬ್ರೆನ್ನನ್ ಲೀ ಮಲ್ಲಿಗನ್ ಅವರ ‘ಡೈಮೆನ್ಷನ್ 20’ ಬಂದವು. ಇವುಗಳ ನಡುವೆ, 2015ರ ಮಾರ್ಚಿನಲ್ಲಿ, ‘ಕ್ರಿಟಿಕಲ್ ರೋಲ್’ ಮೊದಲಾಯಿತು. ನನ್ನ ನಿದರ್ಶನಗಳೆಲ್ಲ ಬಹುಮಟ್ಟಿಗೆ ಇದರಿಂದಲೇ ಬಂದಿವೆ. ಕಾರ್ಟೂನುಗಳಿಗೂ ವಿಡಿಯೊ ಗೇಮುಗಳಿಗೂ ಧ್ವನಿ ನೀಡುವ ವೃತ್ತಿಯ ಗೆಳೆಯರು, ತಮ್ಮಲ್ಲೊಬ್ಬರಾದ ಲಿಯಮ್ ಓಬ್ರಯನ್ ಅವರ ಹುಟ್ಟುಹಬ್ಬದ ನಿಮಿತ್ತ 2012ರಲ್ಲಿ ಮ್ಯಾಥ್ಯೂ ಮರ್ಸರ್ ಅವರ ಸೂತ್ರಧಾರತ್ವದಲ್ಲಿ ಮನೆಯೊಳಗೆ ಆರಂಭಿಸಿದ ಆಟವೇ, ಮೂರು ವರ್ಷಗಳ ತರುವಾಯ ಕ್ಯಾಮೆರಾದ ಮುಂದೆ, ನಿಂತಲ್ಲಿಂದಲೇ ಮುಂದುವರಿಯಿತು.

ಈ ನೋಟದ ಸುಖಕ್ಕೆ ಸಾಮಾನ್ಯವಾಗಿ ಹೇಳುವ ಕಾರಣಗಳು ಗೊತ್ತಿರುವಂಥವೇ. ಆಡುವವರು ನಿಪುಣರಾದ ನಟರು ಎನ್ನುತ್ತಾರೆ. ಆದರೆ ನಟನೆಯ ವೃತ್ತಿಯವರಲ್ಲದವರ ಆಟಗಳಿಗೂ ನಿಷ್ಠಾವಂತರಾದ ಕೇಳುಗರು ಉಂಟು. ಒಂಟಿಯಾಗಿ ಬಾಳುವವರಿಗೆ ಗೆಳೆಯರ ಕೂಟದಲ್ಲಿ ಕುಳಿತ ಭಾವ ಬರುತ್ತದೆ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ, ಅದನ್ನು ಹಗುರವಾಗಿ ಕಾಣುವುದೂ ಸಲ್ಲದು, ಏಕೆಂದರೆ ಕ್ರಿಟಿಕಲ್ ರೋಲಿನ ಎಂಟು ಜನರ ಪರಸ್ಪರ ಸ್ನೇಹ ನಟಿಸಿ ತೋರಿಸಿದ್ದಲ್ಲ, ವರ್ಷಗಟ್ಟಲೆ ಬೆಳೆದದ್ದು. ಆದರೂ ಸ್ನೇಹಿತರ ಸಲ್ಲಾಪವನ್ನು ಮಾತ್ರ ಕೇಳಬಯಸುವವನಿಗೆ ಅದಕ್ಕಿಂತ ಸುಲಭವಾದ ಮಾರ್ಗಗಳು ಎಷ್ಟೋ ಇವೆ. ನಿಯಮಗಳಿಂದ ಕಿಕ್ಕಿರಿದ, ಲೆಕ್ಕಾಚಾರದಿಂದ ಆಗಾಗ್ಗೆ ನಿಂತುಹೋಗುವ ಈ ಆಟವೇ ಏಕೆ ಬೇಕಾಯಿತು? ಈ ಪ್ರಶ್ನೆಗೆ ಮೇಲಿನ ಕಾರಣಗಳಲ್ಲಿ ಉತ್ತರವಿಲ್ಲ.

ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ನೋಟಕನು ಇಲ್ಲಿ ಸವಿಯುವುದು ಕಥೆಯನ್ನಲ್ಲ; ತಾನು ಆರಿಸದ ಸನ್ನಿವೇಶಕ್ಕೆ ಮನುಷ್ಯನೊಬ್ಬ, ತಿದ್ದಿಕೊಳ್ಳಲು ಅವಕಾಶವಿಲ್ಲದೆ, ಇತರರ ಎದುರಿಗೆ ಉತ್ತರ ಕೊಡಬೇಕಾಗಿ ಬಂದಾಗ ಅವನ ಅಂತರಂಗ ಹೊರಬೀಳುವ ಕ್ಷಣವನ್ನು. ಕಥೆ ಆ ಕ್ಷಣಗಳು ಬಿಟ್ಟುಹೋದ ಜಾಡು.

2018ರ ಜುಲೈಯಲ್ಲಿ ನಡೆದ ಒಂದು ಆಟವನ್ನು ನೋಡೋಣ. ಕ್ರಿಟಿಕಲ್ ರೋಲಿನ ಎರಡನೆಯ ಕಥಾಮಾಲೆಯ ಇಪ್ಪತ್ತಾರನೆಯ ಬೈಠಕ್ಕು. ಆಟಗಾರರಲ್ಲಿ ದಂಪತಿಗಳಾದ ಲಾರಾ ಬೇಲಿ, ಟ್ರ್ಯಾವಿಸ್ ವಿಲ್ಲಿಂಗ್ಹ್ಯಾಮ್ ಅವರು ಮಗುವಿನ ಜನನದ ನಿಮಿತ್ತ ಬಿಡುವಿನಲ್ಲಿದ್ದರು. ಆಶ್ಲಿ ಜಾನ್ಸನ್ ಬೇರೆ ಚಿತ್ರೀಕರಣದಲ್ಲಿ ತೊಡಗಿದ್ದರು. ಅವರ ಮೂರು ಪಾತ್ರಗಳ ಅನುಪಸ್ಥಿತಿಗೆ ಕಥೆಯೊಳಗೇ ಕಾರಣ ಒದಗಿಸುವುದಕ್ಕಾಗಿ ಮರ್ಸರ್ ಅವರು, ಆ ಮೂವರನ್ನು ಗುಲಾಮರ ವ್ಯಾಪಾರಿಗಳು ಸೆರೆಹಿಡಿದು ಒಯ್ದರೆಂದು ಹೂಡಿದ್ದರು. ಉಳಿದ ಗೆಳೆಯರು ಬಿಡಿಸಿಕೊಂಡು ಬರಲು ಹೊರಟರು. ಗಾಯ ಮಾಯಿಸುವ ಮಂತ್ರ ಬಲ್ಲ ಪಾತ್ರ ಲಾರಾ ಬೇಲಿಯವರದು; ಅವಳೇ ಸೆರೆಯಲ್ಲಿದ್ದಳು. ಟಾಲಿಯೆಸಿನ್ ಜಾಫಿ ಅವರ ಪಾತ್ರವಾದ ಮಾಲಿಮಾಕ್, ಬಣ್ಣಬಣ್ಣದ ಮೇಲಂಗಿಯ ಆ ಸರ್ಕಸ್ಸಿನ ವಿನೋದಿ, ಶತ್ರುನಾಯಕನ ಮೇಲೆ ತನ್ನ ರಕ್ತವನ್ನೇ ಬೆಲೆಯಾಗಿ ಕೇಳುವ ಶಾಪವನ್ನು ಪ್ರಯೋಗಿಸಿದ. ದಾಳ ಉರುಳಿತು, ತೆರಬೇಕಾದ ಬೆಲೆ ಅವನಲ್ಲಿ ಉಳಿದಿದ್ದ ಪ್ರಾಣಬಲಕ್ಕಿಂತ ಹೆಚ್ಚಾಯಿತು, ತನ್ನ ಶಾಪದಿಂದ ತಾನೇ ಕುಸಿದುಬಿದ್ದ. ಬಿದ್ದವನ ಎದೆಗೆ ಶತ್ರು ಆಯುಧವನ್ನಿಳಿಸಿದ. ಎಬ್ಬಿಸಬಲ್ಲವರು ಯಾರೂ ಅಲ್ಲಿರಲಿಲ್ಲ.

ಈ ಮರಣವನ್ನು ಯಾರೂ ಬರೆಯಲಿಲ್ಲ. ಮಗುವೊಂದರ ಜನನ, ಅದರಿಂದ ತಂದೆತಾಯಿಗಳ ಬಿಡುವು, ಬಿಡುವಿನಿಂದ ಸೆರೆ, ಸೆರೆಯಿಂದ ಬಿಡುಗಡೆಯ ಯತ್ನ, ಆ ಯತ್ನದಲ್ಲಿ ವೈದ್ಯಳಿಲ್ಲದಿರುವಿಕೆ, ಕೊನೆಗೆ ದಾಳದ ಒಂದು ಅಂಕ: ಹೀಗೆ ಲೋಕದ ಕಾರಣಗಳೂ ಕಥೆಯ ಕಾರಣಗಳೂ ಒಂದರೊಡನೊಂದು ಹೆಣೆದುಕೊಂಡು, ಯಾವ ಕವಿಯ ಸಂಕಲ್ಪವೂ ಇಲ್ಲದೆ, ಅನಿವಾರ್ಯವೆನಿಸುವ ಅಂತ್ಯಕ್ಕೆ ಬಂದು ಮುಟ್ಟಿದವು. ನಾಟಕಕಾರನಾಗಿದ್ದರೆ ಕಥೆ ಇನ್ನೂ ಅರ್ಧಕ್ಕೂ ಬಾರದಿರುವಾಗ ಜನಪ್ರಿಯ ಪಾತ್ರವೊಂದನ್ನು ಇಷ್ಟು ಥಟ್ಟನೆ ಕೊಲ್ಲಲು ಹಿಂಜರಿದಾನು; ಕೊಂದರೂ ಅದಕ್ಕೊಂದು ಘನವಾದ ನಿಮಿತ್ತವನ್ನು ಕಟ್ಟಿಕೊಟ್ಟಾನು. ಮೇಜಿನ ಸುತ್ತ ಕುಳಿತವರಿಗೆ ಆ ಸೌಕರ್ಯವಿಲ್ಲ. ಅವರ ಮುಖಗಳಲ್ಲಿ ಮೊದಲು ತೋರಿದುದು ಅಪನಂಬಿಕೆ. ಆಮೇಲೆ, ಇನ್ನು ತಮ್ಮ ತಮ್ಮ ಪಾತ್ರಗಳು ಏನು ಮಾಡಬೇಕೆಂಬ ಪ್ರಶ್ನೆ. ಕೆಚ್ಚಿನಿಂದ ಹೋರಾಡಿ ಎಲ್ಲರೂ ಸಾಯುವುದೋ, ಗೆಳೆಯನ ಶವದ ಮುಂದೆ ಶಸ್ತ್ರ ಕೆಳಗಿರಿಸುವುದೋ? ಆ ಪ್ರಶ್ನೆ ಪಾತ್ರಕ್ಕೂ ಆಟಗಾರನಿಗೂ ಏಕಕಾಲದಲ್ಲಿ ಬಂದೊದಗಿತು, ಇಬ್ಬರಿಗೂ ಉತ್ತರ ಸಿದ್ಧವಾಗಿರಲಿಲ್ಲ. ಅದನ್ನು ಕಾಣುವುದಕ್ಕಾಗಿಯೇ ನೋಟಕನು ಅಷ್ಟೂ ಗಂಟೆಗಳನ್ನು ಕಾದಿರುತ್ತಾನೆ.

ದಾಳದ ಕಾರ್ಯ ಇಲ್ಲಿ ಸ್ಪಷ್ಟವಾಗುತ್ತದೆ. ಇಪ್ಪತ್ತರಲ್ಲಿ ಒಂದು ಪಾಲು, ಎಂದರೆ ನೂರಕ್ಕೆ ಐದರಷ್ಟು ಸಂಭವವುಳ್ಳ ಒಂದಂಕವಾಗಲಿ ಇಪ್ಪತ್ತಂಕವಾಗಲಿ ಬಿದ್ದಾಗ ಮೇಜಿನವರೂ ನೋಟಕರೂ ಒಟ್ಟಿಗೆ ಉದ್ಗರಿಸುತ್ತಾರೆ. ಕೇವಲ ಜೂಜಿನ ಉದ್ವೇಗವೆಂದು ಇದನ್ನು ತಳ್ಳಿಹಾಕುವವರುಂಟು. ಜೂಜಿನಲ್ಲಿ ದಾಳ ಬಿದ್ದೊಡನೆ ವ್ಯವಹಾರ ತೀರಿತು. ಇಲ್ಲಿಯಾದರೆ ದಾಳ ಬಿದ್ದ ಮೇಲೆಯೇ ಕೆಲಸ ಮೊದಲು. ಬಿದ್ದದ್ದನ್ನು ಅರ್ಥವತ್ತಾಗಿಸುವ ಹೊಣೆ ಆಟಗಾರನ ಮೇಲೆ ಬೀಳುತ್ತದೆ: ಸೋತವನು ತನ್ನ ಸೋಲಿಗೆ ತಕ್ಕ ನಡೆಯನ್ನು ಕಂಡುಕೊಳ್ಳಬೇಕು, ಗೆದ್ದವನಿಗೆ, ಶತ್ರು ನೆಲಕ್ಕುರುಳುವ ಹೊತ್ತಿನಲ್ಲಿ, ‘ಇದನ್ನು ಹೇಗೆ ಮುಗಿಸಬಯಸುವೆ?’ ಎಂದು ಮರ್ಸರ್ ಕೇಳುವ ವಾಡಿಕೆಯಿದೆ, ಆ ವರ್ಣನೆಯನ್ನು ಅವನೇ ಕೊಡಬೇಕು. ವಿಧಿ ಸಂಖ್ಯೆಯನ್ನು ಕೊಡುತ್ತದೆ, ಅದಕ್ಕೆ ಮಾತು ಕೊಡುವವನು ಮನುಷ್ಯ. ದಾಳದ ನಿಷ್ಪಕ್ಷಪಾತವೇ ಆ ಮಾತಿನ ಪ್ರಾಮಾಣಿಕತೆಗೆ ಜಾಮೀನು.

ಕರಾವಳಿ, ಮಲೆನಾಡು, ಕಾಸರಗೋಡು ಪ್ರಾಂತಗಳಿಂದ ಬಂದಿರುವ ಶ್ರೋತೃಗಳಿಗೆ ಈ ಹೊತ್ತಿಗಾಗಲೇ ತಾಳಮದ್ದಳೆಯ ನೆನಪು ಬಂದಿರಬೇಕು. ವೇಷವಿಲ್ಲ, ಕುಣಿತವಿಲ್ಲ, ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿರುವಾಗ ದೇವಾಲಯದ ಅಂಗಣದಲ್ಲೋ ಮನೆಯ ಚಾವಡಿಯಲ್ಲೋ ಅರ್ಥಧಾರಿಗಳು ಎದುರುಬದುರಾಗಿ ಕುಳಿತುಕೊಳ್ಳುತ್ತಾರೆ, ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ, ಆ ಪದ್ಯದ ಕಿರಿದಾದ ಎಲ್ಲೆಯೊಳಗಿಂದ ವಾಲಿಯಾಗಿಯೋ ಕರ್ಣನಾಗಿಯೋ ಕೃಷ್ಣನಾಗಿಯೋ ಅರ್ಥಧಾರಿ ತನ್ನ ಮಾತನ್ನು ಆಶುವಾಗಿ ಬೆಳೆಸುತ್ತಾನೆ. ಎದುರಾಳಿ ಯಾವ ಪ್ರಶ್ನೆ ಎಸೆಯುವನೆಂಬುದು ಅವನಿಗೆ ತಿಳಿಯದು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿಯನ್ನು ಕೇಳಲು ಜನ ರಾತ್ರಿಯೆಲ್ಲ ಎಚ್ಚರವಿದ್ದುದು, ವಾಲಿ ಸಾಯುವನೋ ಬದುಕುವನೋ ಎಂಬ ಕುತೂಹಲದಿಂದಲ್ಲ. ಮರೆಯಿಂದ ಬಂದ ಬಾಣಕ್ಕೆ ಈ ರಾತ್ರಿ ಈ ವಾಲಿ ಏನೆಂದು ಉತ್ತರಿಸುವನು, ಆ ಉತ್ತರವನ್ನು ರಾಮನ ಪಾತ್ರಧಾರಿ ಹೇಗೆ ತಾಳಿಕೊಳ್ಳುವನು ಎಂಬುದಕ್ಕಾಗಿ. ಶಾಸ್ತ್ರಗ್ರಂಥಗಳ ನೆರವಿಲ್ಲದೆಯೂ ನಮ್ಮ ಜನ ಈ ಸುಖವನ್ನು ಬಹುಕಾಲದಿಂದ ಬಲ್ಲರು. ಪರರು ಆಡುವುದನ್ನು ಕೇಳುತ್ತ ಕೂರುವುದು ಸೋಮಾರಿತನದ ಲಕ್ಷಣವೆಂದು ಹೇಳುವವರಿಗೆ ತಾಳಮದ್ದಳೆಯ ಸಭೆಯೇ ಸಾಕಷ್ಟು ಪ್ರತ್ಯುತ್ತರ.

ಸಾದೃಶ್ಯವನ್ನು ಅತಿಯಾಗಿ ಎಳೆಯಬಾರದು. ತಾಳಮದ್ದಳೆಯಲ್ಲಿ ಪ್ರಸಂಗದ ಅಂತ್ಯ ಸ್ಥಿರ. ಅರ್ಥಧಾರಿ ಎಷ್ಟೇ ಪ್ರಬಲನಾದರೂ ವಾಲಿ ಉಳಿಯುವಂತಿಲ್ಲ, ವಾದ ಎಲ್ಲೆ ಮೀರಿದರೆ ಭಾಗವತರು ಮುಂದಿನ ಪದ್ಯವನ್ನೆತ್ತಿ ಕಥೆಯನ್ನು ಹಳಿಗೆ ತರುತ್ತಾರೆ. ಅಲ್ಲಿ ಸ್ವಾತಂತ್ರ್ಯವಿರುವುದು ಅರ್ಥದಲ್ಲಿ, ಘಟನೆಯಲ್ಲಲ್ಲ. ಅಮೆರಿಕದ ಮೇಜಿನಲ್ಲಿ ಘಟನೆಯೇ ಅನಿಶ್ಚಿತ. ಸೂತ್ರಧಾರನಿಗೂ ಕೊನೆ ತಿಳಿಯದು, ತಾನು ವಾರಗಟ್ಟಲೆ ಶ್ರಮಿಸಿ ಹೂಡಿದ ಹಂಚಿಕೆಯನ್ನು ಆಟಗಾರರು ಒಂದು ಮಾತಿನಿಂದ ಬದಿಗೊತ್ತಿ ಇನ್ನೆತ್ತಲೋ ನಡೆದುಬಿಟ್ಟರೆ ಅವನೂ ಅವರ ಹಿಂದೆಯೇ ಹೋಗಬೇಕು. ಆದಕಾರಣ ಅರ್ಥಧಾರಿಯ ಪಾಂಡಿತ್ಯ, ಉಕ್ತಿಯ ಬಿಗಿ, ಪುರಾಣದ ಆಳವಾದ ಒರತೆ ಇಲ್ಲಿ ದೊರೆಯುವುದಿಲ್ಲ. ಮಾತು ಎಷ್ಟೋ ಸಲ ತೊದಲುತ್ತದೆ, ಹರಟೆಗಿಳಿಯುತ್ತದೆ. ವಾಗ್ವೈಭವದಲ್ಲಿ ತಾಳಮದ್ದಳೆಯೇ ಮಿಗಿಲೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ತೊದಲುಮಾತು ಕೂಡ ನಿಜವಾಗಿ ಕವಲೊಡೆದ ದಾರಿಯೊಂದರಲ್ಲಿ ನಿಂತವನ ಮಾತು.

ನಮ್ಮ ರಸಮೀಮಾಂಸೆಗೆ ಇಲ್ಲೊಂದು ಸೂಕ್ಷ್ಮವಾದ ತೊಡಕು ಎದುರಾಗುತ್ತದೆ. ಅಭಿನವಗುಪ್ತನು ರಸಾನುಭವಕ್ಕೆ ಒದಗುವ ವಿಘ್ನಗಳನ್ನು ಎಣಿಸುವಾಗ, ನಟನು ಇಂಥ ದೇಶದ ಇಂಥ ಕಾಲದ ಇಂಥ ವ್ಯಕ್ತಿಯೆಂಬ ಬುದ್ಧಿ ಪ್ರೇಕ್ಷಕನಲ್ಲಿ ಎಚ್ಚರವಾಗಿರುವುದನ್ನೂ ಒಂದು ವಿಘ್ನವೆಂದು ಗಣಿಸಿ, ಪೂರ್ವರಂಗವೂ ಕಿರೀಟಾದಿ ವೇಷಗಳೂ ನಟನ ಸ್ವರೂಪವನ್ನು ಮರೆಸುವುದಕ್ಕಾಗಿಯೇ ಇವೆಯೆಂದು ವಿವರಿಸುತ್ತಾನೆ. ಈ ಮೇಜಿನಲ್ಲಿ ಏನನ್ನೂ ಮರೆಸುವುದಿಲ್ಲ. ನಿತ್ಯದ ಉಡುಪಿನ ಜನ ತಿಂಡಿ ತಿನ್ನುತ್ತಾರೆ, ಒಬ್ಬರನ್ನೊಬ್ಬರು ಸ್ವಂತ ಹೆಸರಿನಿಂದ ಕರೆಯುತ್ತಾರೆ, ಅಂಕಗಳನ್ನು ಕೂಡಿಸಲು ತಡವರಿಸುತ್ತಾರೆ. ಹಾಗಿದ್ದೂ ಕಣ್ಣು ತೇವಗೊಳ್ಳುತ್ತದೆ. ವಿಘ್ನವೇ ಸಾಧನವಾದುದು ಹೇಗೆ?

2017ರ ಅಕ್ಟೋಬರಿನಲ್ಲಿ, ಮೊದಲನೆಯ ಕಥಾಮಾಲೆ ಮುಗಿಯುವ ಸಂದರ್ಭದಲ್ಲಿ ನಡೆದ ಸಂಗತಿಯೊಂದು ಇದಕ್ಕೆ ಬೆಳಕು ಚೆಲ್ಲುತ್ತದೆ. ಓಬ್ರಯನ್ ಅವರ ಪಾತ್ರವಾದ ವ್ಯಾಕ್ಸ್ ಮೃತ್ಯುದೇವತೆಗೆ ತನ್ನನ್ನು ಒಪ್ಪಿಸಿಕೊಂಡಿದ್ದ. ವೆಕ್ನನೆಂಬ ಮಹಾಶತ್ರುವನ್ನು ಸೋಲಿಸಿದೊಡನೆ ಅವಳು ಅವನನ್ನು ಕರೆದೊಯ್ಯುವವಳು. ಸ್ಯಾಮ್ ರೀಗಲ್ ಅವರ ಪಾತ್ರವಾದ ಗಾಯಕ ಸ್ಕಾನ್ಲನ್, ಒಂದೇ ಒಂದು ಬಾರಿ ಪ್ರಯೋಗಿಸಬಹುದಾದ ಒಂಬತ್ತನೆಯ ಶ್ರೇಣಿಯ ಮಂತ್ರಶಕ್ತಿಯನ್ನು ಆ ಗೆಳೆಯನನ್ನು ಬಿಡಿಸುವುದಕ್ಕಾಗಿ ಕಾದಿರಿಸಿಕೊಂಡಿದ್ದ. ಕೊನೆಯ ಯುದ್ಧದಲ್ಲಿ ವೆಕ್ನನ ಮಂತ್ರವೊಂದನ್ನು ತಡೆಯಲೇಬೇಕಾಗಿ ಬಂತು. ತಡೆಯುವುದಕ್ಕೆ ಆ ಶಕ್ತಿಯನ್ನೇ ವ್ಯಯಿಸಬೇಕು. ರೀಗಲ್ ಹೇಳಿದ್ದು, ಒಂಬತ್ತನೆಯ ಶ್ರೇಣಿಯಲ್ಲಿ ತಡೆಯುತ್ತೇನೆ ಎಂಬಷ್ಟೇ ಅರ್ಥದ, ನಿಯಮಗ್ರಂಥದ ಪರಿಭಾಷೆಯ ಒಣ ಮಾತು. ತಮ್ಮ ಬಳಗದ ಹಾಸ್ಯಗಾರರೆಂದು ಹೆಸರಾದ ಅವರ ಕಣ್ಣಲ್ಲಿ ನೀರು ಬಂತು. ನಿಯಮವನ್ನು ಬಲ್ಲ ನೋಟಕನಿಗೆ ವಿವರಣೆ ಬೇಕಾಗಲಿಲ್ಲ: ಲೋಕವನ್ನುಳಿಸಲು ಗೆಳೆಯನನ್ನು ಬಿಟ್ಟುಕೊಟ್ಟನೆಂಬ ಅರ್ಥ ಒಂದು ಸಂಖ್ಯೆಯಿಂದ ಧ್ವನಿತವಾಯಿತು. ಆನಂದವರ್ಧನನ ಶಿಷ್ಯರಾದ ನಾವು ಇದನ್ನು ಧ್ವನಿಯೆಂದೇ ಕರೆಯಬೇಕು. ಪುರಾಣಜ್ಞಾನವು ತಾಳಮದ್ದಳೆಯ ಶ್ರೋತೃವನ್ನು ಸಹೃದಯನಾಗಿಸುವಂತೆ, ನಿಯಮಜ್ಞಾನವು ಈ ನೋಟಕನನ್ನು ಸಹೃದಯನಾಗಿಸುತ್ತದೆ. ಸಾಮಾನ್ಯರಿಗೆ ಅರಸಿಕವಾಗಿ ತೋರುವ ಲೆಕ್ಕಾಚಾರವೇ ಬಲ್ಲವರಿಗೆ ಭಾವದ ವಾಹಕ. ರೀಗಲ್ ಅತ್ತದ್ದು ಗಾಯಕ ಸ್ಕಾನ್ಲನ್ ಆಗಿಯೋ, ಓಬ್ರಯನ್ ಅವರ ಮಿತ್ರನಾಗಿಯೋ ಎಂಬ ಪ್ರಶ್ನೆಗೆ ಅರ್ಥವಿಲ್ಲ. ನಟನನ್ನೂ ಪಾತ್ರವನ್ನೂ ನಾವು ಒಟ್ಟಿಗೆ ಕಾಣುತ್ತಿದ್ದುದರಿಂದಲೇ, ಕಲ್ಪಿತವಾದ ಕಾರಣದಿಂದ ನಿಜವಾದ ನಿರ್ಧಾರವೊಂದು ಹುಟ್ಟಿದ್ದು ನಮಗೆ ಗೋಚರವಾಯಿತು.

ಇದಕ್ಕೆ ವ್ಯತಿರೇಕವಾದ ಸಾಕ್ಷ್ಯವೂ ಇದೆ. 2019ರಲ್ಲಿ ಈ ಬಳಗ, ಮೊದಲ ಕಥಾಮಾಲೆಯನ್ನು ಆಧರಿಸಿದ ಅನಿಮೇಷನ್ ಚಿತ್ರಕ್ಕಾಗಿ ಏಳೂವರೆ ಲಕ್ಷ ಡಾಲರುಗಳನ್ನು ಸಾರ್ವಜನಿಕರಿಂದ ಬೇಡಿತು. 88 ಸಾವಿರಕ್ಕೂ ಮಿಕ್ಕಿದ ಜನ ಸೇರಿ 113 ಲಕ್ಷ ಡಾಲರುಗಳನ್ನು ಮೀರಿ ಕೊಟ್ಟರು. 2022ರಿಂದ ‘ದಿ ಲೆಜೆಂಡ್ ಆಫ್ ವಾಕ್ಸ್ ಮಾಕಿನ’ ಎಂಬ ಹೆಸರಿನಿಂದ ಅದು ತೆರೆಕಂಡಿತು. ಕಥೆ ಅದೇ, ಕಂಠಗಳೂ ಅವೇ; ಚಿತ್ರ ಸೊಗಸಾಗಿದೆ, ವೇಗವಾಗಿದೆ, ಮೇಜಿನಲ್ಲಿ ಹತ್ತಾರು ಗಂಟೆ ಹಿಡಿದದ್ದು ಅಲ್ಲಿ ಅರ್ಧಗಂಟೆಯಲ್ಲಿ ಮುಗಿಯುತ್ತದೆ. ಆದರೆ ದಾಳ ಅಲ್ಲಿಲ್ಲ. ಪ್ರತಿಯೊಂದು ಪೆಟ್ಟೂ ಬೀಳಬೇಕಾದಲ್ಲಿ ಬೀಳುತ್ತದೆ, ಯಾರೂ ತಬ್ಬಿಬ್ಬಾಗುವುದಿಲ್ಲ. ಅದನ್ನು ನೋಡುವುದು ಒಳ್ಳೆಯ ಕಾದಂಬರಿಯನ್ನು ಓದಿದ ಸುಖ. ಮೇಜಿನದು ಬೇರೆ ಜಾತಿಯ ಸುಖ. ಕಥೆಯೇ ಸುಖದ ಮೂಲವಾಗಿದ್ದರೆ, ಸಂಸ್ಕರಿಸಿದ ರೂಪ ದೊರೆತ ಮೇಲೆ ಒರಟು ಮೂಲವನ್ನು ಯಾರೂ ಕೇಳಬಾರದಾಗಿತ್ತು. ಆದರೆ ಚಿತ್ರ ಬಂದ ಮೇಲೆಯೂ ಜನ ಆ ಕಥಾಮಾಲೆಯ ನೂರ ಹದಿನೈದು ಬೈಠಕ್ಕುಗಳನ್ನು ಮೊದಲಿನಿಂದ ನೋಡಲು ತೊಡಗುತ್ತಾರೆ.

ಮೇಜಿನ ಆಟದಲ್ಲಿ ನಿಸ್ಸಾರವಾದ ಗಂಟೆಗಳು ಬೇಕಾದಷ್ಟಿವೆಯೆಂದು ಆಕ್ಷೇಪಿಸುವವರ ಮಾತು ನಿಜ. ಬಾಗಿಲೊಂದನ್ನು ತೆರೆಯಬೇಕೆ ಬೇಡವೆ ಎಂದು ಅರ್ಧಗಂಟೆ ಚರ್ಚೆ ನಡೆದೀತು. ಅಂಗಡಿಯವನೊಡನೆ ಚೌಕಾಸಿಯೇ ಒಂದು ಅಧ್ಯಾಯವಾದೀತು. ಆದರೆ ಕತ್ತರಿಸಿ ಸಂಕ್ಷೇಪಿಸಿದ ಆವೃತ್ತಿಗಳಲ್ಲಿ ಮಾಲಿಮಾಕನ ಮರಣ ಒಂದು ಘಟನೆಯಾಗಿ ಮಾತ್ರ ಉಳಿಯುತ್ತದೆ. ಅವನು ಇಸ್ಪೀಟಿನೆಲೆಗಳಿಂದ ಭವಿಷ್ಯ ಹೇಳುತ್ತ, ಅಪರಿಚಿತರೊಡನೆ ಹರಟುತ್ತ ಕಳೆದ ಆ ನಿಸ್ಸಾರವಾದ ಗಂಟೆಗಳನ್ನು ಅವನೊಡನೆ ಕಳೆದವರಿಗಷ್ಟೆ ಅದು ವಿಯೋಗ.

ನನಗೆ ಆತಂಕವಿರುವುದು ಇನ್ನೊಂದು ಕಡೆ. 2023ರ ಅಕ್ಟೋಬರಿನಲ್ಲಿ ಕ್ರಿಟಿಕಲ್ ರೋಲ್ ಬಳಗ ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ಆಡಿತು. 2025ರ ಜನವರಿಯಲ್ಲಿ ಡೈಮೆನ್ಷನ್ 20 ತಂಡ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಆಡಿತು. ಸಾವಿರಾರು ಜನ ಆರ್ಭಟಿಸುವ ಎಡೆಯಲ್ಲಿ ಕುಳಿತ ಆಟಗಾರನು ಎದುರಿನ ಗೆಳೆಯನಿಗೆ ಉತ್ತರ ಕೊಡುವನೋ, ಕೂಟಕ್ಕೆ ಕೊಡುವನೋ? ಚಪ್ಪಾಳೆಯನ್ನು ನಿರೀಕ್ಷಿಸಿ ಆಡಿದ ಮಾತು ಸಿದ್ಧಮಾತಿಗೆ ಹತ್ತಿರವಾಗುತ್ತದೆ. ತಾಳಮದ್ದಳೆಯಲ್ಲಿಯೂ ಸಭಾರಂಜನೆಯ ಕಡೆಗೆ ವಾಲಿದ ಅರ್ಥಗಾರಿಕೆ ಎದುರಾಳಿಯನ್ನು ಮರೆತುಬಿಡುವುದನ್ನು ಬಲ್ಲವರು ಬಲ್ಲರು. ‘ಮರ್ಸರ್ ಪರಿಣಾಮ’ ಎಂದು ಆಟದ ವಲಯಗಳಲ್ಲಿ ಹೆಸರಾಗಿರುವ ಇನ್ನೊಂದು ತೊಂದರೆಯೂ ಉಂಟು: ನಿಪುಣರ ಆಟವನ್ನು ನೋಡಿ ಬಂದ ಹೊಸಬರು ತಮ್ಮೂರಿನ ಹವ್ಯಾಸಿ ಸೂತ್ರಧಾರನಿಂದಲೂ ಅಂಥದೇ ಕಂಠ, ಅಂಥದೇ ಕಲ್ಪನೆ ಬೇಕೆಂದು ಬಯಸಿ ನಿರಾಶರಾಗುತ್ತಾರೆ. ನೋಟದ ಸುಖದ ಮೂಲವನ್ನು ಅವರು ಕಂಠದಲ್ಲಿ ಹುಡುಕಿದ್ದರಿಂದ ಬಂದ ನಿರಾಶೆ ಅದು. ಮೂಲ ಅಲ್ಲಿರಲಿಲ್ಲ, ಆ ಹವ್ಯಾಸಿಯ ಮೇಜಿನಲ್ಲಿಯೂ ಅದು ದೊರೆಯುತ್ತಿತ್ತು.

ಹೀಗಿದ್ದರೂ ಈ ನೋಟದ ಫಲವಾಗಿ ತಾವೇ ದಾಳ ಹಿಡಿದು ಮೇಜಿನ ಬಳಿಗೆ ಬಂದವರು ಅಸಂಖ್ಯರು, ಬೇರೆಯವರ ಉತ್ತರವನ್ನು ಅಷ್ಟು ಹೊತ್ತು ಆಲಿಸಿದವನಿಗೆ ತನ್ನ ಉತ್ತರವನ್ನು ಕಂಡುಕೊಳ್ಳುವ ಹಂಬಲ ಹುಟ್ಟುವುದು ಸಹಜವಾದ್ದರಿಂದ. ಮೇಜಿಗೆ ಬಾರದೆ ನೋಟಕರಾಗಿಯೇ ಉಳಿದವರೂ ಆಟ ಮುಗಿದ ಮೇಲೆ ಸುಮ್ಮನಾಗುವುದಿಲ್ಲ. ಸ್ಕಾನ್ಲನ್ ಆ ಮಂತ್ರವನ್ನು ಉಳಿಸಿಕೊಳ್ಳಬೇಕಾಗಿತ್ತೆ, ಗೆಳೆಯರು ಮಾಲಿಮಾಕನ ಶವದ ಬಳಿ ಶತ್ರುವಿಗೆ ದಾರಿ ಬಿಟ್ಟುಕೊಟ್ಟದ್ದು ಸರಿಯೆ ಎಂದು ತಮ್ಮೊಳಗೆ ವಾದಿಸುತ್ತಾರೆ. ಕರ್ಣಪರ್ವದ ತಾಳಮದ್ದಳೆ ಮುಗಿದ ಬೆಳಗಿನ ಜಾವ ಮನೆಯ ದಾರಿ ಹಿಡಿದ ನಮ್ಮ ಹಿರಿಯರು ಶಲ್ಯನ ಮಾತಿಗೆ ಕರ್ಣ ಇನ್ನೇನು ಹೇಳಬಹುದಾಗಿತ್ತೆಂದು ವಾದಿಸಿದ ಹಾಗೆಯೇ.